ಗಾಳಿ ಎಷ್ಟಿತ್ತು, ತಮ್ಮಾ?

ಬೆಳಗಾವಿಯ ಟ್ಯೂಷನ್ ಕ್ಲಾಸುಗಳಲ್ಲಿ ಮಕ್ಕಳು ರೆಡಾಕ್ಸ್ ಸಮೀಕರಣಗಳ ಬಲಗಡೆಯನ್ನು ಬಾಯಿಪಾಠ ಮಾಡುತ್ತಾರೆ. ಬಾಣದ ಬಲಗಡೆಯಲ್ಲೇ ಬದುಕು ಸವೆಸಿದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ಮಣ್ಣಿನ ಕೆಲಸಕ್ಕೆ ಹೆಸರಾದ ಖಾನಾಪುರಕ್ಕೆ ಹೋಗಿ, ಕುಂಬಾರರ ಹಳೆಯ ಆವಿಗೆಯೊಂದನ್ನು ‘ಆಯಿ’ ಎಂದು ಕರೆದು ಮಾತಾಡಿಸಿದೆವು. ಊರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಇದೆ. ಆದರೆ ಆಯಿ ಪ್ರಮಾಣಪತ್ರ ಕೇಳುವವರಲ್ಲ.

ಆಯಿ, ಹಳದಿ ಮಣ್ಣು ನಿಮ್ಮ ಹೊಟ್ಟೆಗೆ ಹೋಗಿ ಕೆಂಪಾಗಿ ಬರುತ್ತದೆ. ಉತ್ಕರ್ಷಣ ತಾನೆ?

ಬಣ್ಣ ಬದಲಾದ್ರ ರೆಡಾಕ್ಸ್ ಅಂತ ನಿನಗ ಯಾರು ಹೇಳ್ಯಾರ? ಹಳದಿ ಮಣ್ಣಾಗಿನ ಕಬ್ಬಿಣ ನೀರು ಹಿಡ್ಕೊಂಡು ಕೂತಿರ್ತೈತಿ. ಕಾಸಿದ್ರ ನೀರು ಹೋಗ್ತೈತಿ, ಫೆರಿಕ್ ಆಕ್ಸೈಡ್ ಉಳೀತೈತಿ. ಮೊದಲೂ +3, ಆಮ್ಯಾಲೂ +3. ಎಲೆಕ್ಟ್ರಾನ್ ಒಂದೂ ಕೈ ಬದಲಾಗಿಲ್ಲ. ಬೆಳಗಾವ್ಯಾಗಿನ ಅಲ್ಯುಮಿನಾ ಕಾರ್ಖಾನ್ಯಾಗೂ ಹಂಗ. ಬಾಕ್ಸೈಟನ್ನ ಕಾಸ್ಟಿಕ್ ಸೋಡಾದಾಗ ಬೇಯಿಸ್ತಾರ; ಅಲ್ಯುಮಿನಿಯಂ ಕರಗ್ತೈತಿ, ಕಬ್ಬಿಣ ಕೆಂಪು ಕೆಸರಾಗಿ ತಳಕ್ಕ ಕೂಡ್ತೈತಿ. ಇಷ್ಟೆಲ್ಲಾ ಗದ್ದಲ ಆದ್ರೂ ಎರಡೂ +3 ಇದ್ದಾವು +3 ಇರ್ತಾವು, ಸುವರ್ಣ ವಿಧಾನಸೌಧದಾಗ ಚಳಿಗಾಲದ ಅಧಿವೇಶನ ಮುಗದ ಮ್ಯಾಲೆ ನಮ್ಮ ತಾಲೂಕು ಇದ್ದಂಗ.

ಹಾಗಾದರೆ ನಿಜವಾದ ರೆಡಾಕ್ಸ್ ಯಾವಾಗ?

ನನ್ನ ಬಾಯಿ ಮುಚ್ಚಿದಾಗ. ಕಟ್ಟಿಗಿ, ಹೊಟ್ಟು ತುಂಬಿ ಗಾಳಿ ಕಟ್ಟಿದ್ರ ಇಂಗಾಲ ಪೂರ್ತಿ ಉರಿಯಾಂಗಿಲ್ಲ, ಕಾರ್ಬನ್ ಮಾನಾಕ್ಸೈಡ್ ಆಗ್ತೈತಿ. ಅದು ಮಣ್ಣಾಗಿನ ಆಕ್ಸಿಜನ್ನಿಗೇ ಕೈ ಹಾಕ್ತೈತಿ. ಮೂರು ಫೆರಿಕ್ ಆಕ್ಸೈಡು, ಒಂದು ಮಾನಾಕ್ಸೈಡು ಕೂಡಿದ್ರ ಎರಡು ಮ್ಯಾಗ್ನೆಟೈಟು, ಒಂದು ಡೈಆಕ್ಸೈಡು. ಗಡಿಗಿ ಕರ್ರಗಾತು. ಮಸೀನೂ ಅದರಾಗ ಕೂಡಿರ್ತೈತಿ, ಸುಳ್ಳು ಯಾಕ ಹೇಳ್ಲಿ.

ಸಮೀಕರಣ ತೂಗಿದೆಯೆ?

ಎಣಸು. ಇಂಗಾಲ +2ರಿಂದ +4ಕ್ಕ ಏರಿತು, ಎರಡು ಎಲೆಕ್ಟ್ರಾನ್ ಕೊಟ್ಟಿತು. ಆರು ಕಬ್ಬಿಣದಾಗ ಎರಡು ತಗೊಂಡು +2ಕ್ಕ ಇಳದ್ವು. ಉಳಿದ ನಾಕು ನೋಡ್ಕೋತ ನಿಂತ್ವು.

ಒಂದು ಗೈಡಿನಲ್ಲಿ ಉತ್ಪನ್ನ ಫೆರಸ್ ಆಕ್ಸೈಡ್ ಎಂದಿದೆ, ಇನ್ನೊಂದರಲ್ಲಿ ಕಬ್ಬಿಣ. ಯಾವುದು ಸರಿ?

ಗಾಳಿ ಎಷ್ಟಿತ್ತು, ತಮ್ಮಾ? ಕಾವು ಎಷ್ಟಿತ್ತು? ಅದನ್ನ ಬರೀದs ಉತ್ಪನ್ನ ಕೇಳ್ತಾರ, ನೀವು ಕೇಳಿದ್ದಕ್ಕ ಬರೀತೀರಿ. ಮಾನಾಕ್ಸೈಡ್ ಇನ್ನಷ್ಟು ಹೆಚ್ಚಾದ್ರ ಫೆರಸ್ ಆಕ್ಸೈಡು ಆಗ್ತೈತಿ. ಅದು ಮಣ್ಣಾಗಿನ ಸಿಲಿಕಾ ಕೂಡ ಸೇರಿ ಕರಗಾಕ ಶುರು ಮಾಡ್ತೈತಿ, ಗಡಿಗಿ ಮೆತ್ತಗಾಗಿ ಕುಸೀತೈತಿ. ಕುಂಬಾರಗ ಅದು ಒಂದು ಮಾರ್ಕಿನ ಪ್ರಶ್ನೆ ಅಲ್ಲ, ಒಂದು ವಾರದ ಕೂಲಿ. ಇನ್ನ ಬರೇ ಫೆರಸ್ ಆಕ್ಸೈಡನ್ನ ಸಾವಕಾಶ ಆರಿಸಿದ್ರ ಸುಮಾರು 570 ಡಿಗ್ರಿ ಸೆಲ್ಸಿಯಸ್ ಕೆಳಗ ಅದೂ ನಿಲ್ಲಾಂಗಿಲ್ಲ: ಒಂದಿಷ್ಟು ಕಬ್ಬಿಣ, ಒಂದಿಷ್ಟು ಮ್ಯಾಗ್ನೆಟೈಟು. ಮಂದಿ ಯಾರೂ ಬ್ಯಾಡ ಅದಕ್ಕ, ತಾನs ಏರ್ತೈತಿ, ತಾನs ಇಳೀತೈತಿ. ಕಬ್ಬಿಣ ಪೂರ್ತಿ ಬೇಕಂದ್ರ ಊದುಕುಲುಮಿಗೆ ಹೋಗು. ನನಗ ಅಷ್ಟು ಜೀವ ಇಲ್ಲ.

ಸಿಇಟಿಯಲ್ಲಿ ನಾಲ್ಕು ಆಯ್ಕೆ ಕೊಡುತ್ತಾರೆ. ಯಾವುದಕ್ಕೆ ಗುರುತು ಹಾಕಬೇಕು?

ಅವಸರದಾಗ ಸುಟ್ಟ ಇಟ್ಟಿಗಿ ಒಡದು ನೋಡೀಯೇನು? ಹೊರಗ ಕೆಂಪು, ನಡುವ ಕರಿ. ಹೊರಗಿನ ಕಬ್ಬಿಣಕ್ಕ ಗಾಳಿ ಸಿಕ್ತು, ಒಳಗಿಂದಕ್ಕ ಸಿಗಲಿಲ್ಲ. ಅದs ಮಣ್ಣು, ಅದs ಬೆಂಕಿ, ಅದs ದಿನ. ಎರಡೂ ಉತ್ತರ ಒಂದs ಇಟ್ಟಿಗ್ಯಾಗ ಅದಾವು.

ಓಎಂಆರ್ ಹಾಳೆಯಲ್ಲಿ ಎರಡು ವೃತ್ತ ತುಂಬಿದರೆ ಸೊನ್ನೆ, ಆಯಿ.

ಆ ಇಟ್ಟಿಗೀನೂ ಗೌಂಡಿ ತಗದು ಬಾಜೂಕ ಒಗೀತಾನ. ಎಲ್ಲಾ ಕಡೆ ಒಂದs ಪರೀಕ್ಷೆ. ಇನ್ನ ಎದ್ದು ನಡಿ ತಮ್ಮಾ, ಕೇಳಾಕ ಅಂತ ಕಿಂಡಿ ತಗದು ಕೂತೀ. ಗಾಳಿ ಒಳಗ ಬರಾಕತ್ತೈತಿ. ನಾಳೆ ಸಂತಿಗೆ ಕರೀ ಗಡಿಗೀನs ಬೇಕಂತ ಹೇಳಿ ಹೋಗ್ಯಾರ.