ಹದಿನಾಲ್ಕು ಇಂಚಿನ ಹಬ್ಬ

ಶಿಕಾಗೋದಲ್ಲಿ ಕ್ರಿಸ್‌ಮಸ್. ನಮ್ಮ ಇದ್ದಿಲು ಗ್ರಿಲ್ಲಿನ ಅಗಲ 14 ಇಂಚು, ತಂದ ಬೀಫ್ ಟೆಂಡರ್‌ಲಾಯಿನ್ನಿನ ಉದ್ದ 20. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅದಕ್ಕೆ ಹೇಳುವವರ್ಯಾರು? ನಾನೇ ಕತ್ತರಿಸಿ ಎರಡು ಮಾಡಿದೆ. ಸಣಕಲು ಬಾಲವನ್ನು ಒಳಗೆ ಮಡಚಿ, ದಾರ ಸುತ್ತಿ, ಹೋಲ್ಡಾಲ್ ಕಟ್ಟಿದ ಹಾಗೆ ಬಿಗಿದೆ. ಕೆಂಡ ಒಂದು ಬದಿಗೆ, ಮಾಂಸ ಇನ್ನೊಂದು ಬದಿಗೆ. ಅತ್ತೆ ಸೊಸೆಯರಂತೆ ದೂರ ಕೂರಿಸಿದರೇ ಅಡುಗೆ ಸುಸೂತ್ರ.

ಕಷ್ಟವೆಲ್ಲ ಮುಚ್ಚಳದ್ದು. ಹೊರಗೆ ಹಿಮ. "ಬೆಂತೇನ್ರೀ?" ಎಂದು ಹೆಂಡತಿ ಕಿಟಕಿಯಿಂದ ಕೇಳಿದಾಗಲೆಲ್ಲ ನಾನು ಎತ್ತುವುದು, ಶಾಖ ಹಾರಿಹೋಗುವುದು. (ಅರ್ಧ ಸಲ ಎತ್ತಿದ್ದು ಕೈ ಕಾಯಿಸಿಕೊಳ್ಳಲು, ಅದು ಬೇರೆ ಮಾತು.) ಥರ್ಮಾಮೀಟರು 125 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದ್ದೇ ಇಳಿಸಿದೆ, 10 ನಿಮಿಷ ಸುಮ್ಮನಿಟ್ಟರೆ ತನ್ನ ಕಾವಿಗೇ ಇನ್ನಷ್ಟು ಬೇಯುತ್ತದೆ. ಕೊಯ್ದರೆ ನಡುವೆ ಗುಲಾಬಿ ಬಣ್ಣ.

ಊರಿಂದ ಬಂದಿದ್ದ ಭಾವ ಬಗ್ಗಿ ನೋಡಿ, "ಇನ್ನೂ ನಾಲ್ಕು ವಿಷಲ್ ಬೇಕಿತ್ತೇನೋ" ಎಂದರು.