ಷಡ್ಡಕರ ಹಡಗಿಗೊಂದು ಮೋಟಾರು

ವಿನೋಬಾ ಭಾವೆಯವರು 1951ರಲ್ಲಿ ಪೋಚಂಪಲ್ಲಿಯಲ್ಲಿ ಭೂದಾನ ಶುರು ಮಾಡಿ, ಆಮೇಲೆ ವರ್ಷಗಟ್ಟಲೆ ದೇಶವನ್ನು ಕಾಲ್ನಡಿಗೆಯಲ್ಲೇ ಸುತ್ತಿದರು. ಅವರ ಹೆಸರಿಟ್ಟುಕೊಂಡ ದಾವಣಗೆರೆಯ ನಮ್ಮ ವಿನೋಬನಗರದಲ್ಲಿ ಮೂಲೆಯಂಗಡಿಯಿಂದ ಹಾಲಿನ ಪಾಕೀಟು ತರುವುದಕ್ಕೂ ಬೈಕ್ ಸ್ಟಾರ್ಟ್ ಮಾಡುತ್ತೇವೆ. ಹಾಗಾಗಿ ಒಂದು ಸಣ್ಣ ದೋಣಿಗೆ ಯಾವ ಮೋಟಾರು ಕೂರಿಸಬೇಕು ಎಂಬ ಪ್ರಶ್ನೆ ನಮ್ಮ ಓಣಿಗೆ ಬಂದಾಗ, ‘ಹುಟ್ಟು ಹಾಕಿದರೆ ಸಾಲದೇನ್ರೀ?’ ಎಂದು ಕೇಳುವ ಒಬ್ಬ ಗಾಂಧೀವಾದಿಯೂ ಉಳಿದಿರಲಿಲ್ಲ. ಸಮುದ್ರ ನೋಡಬೇಕೆಂದರೆ ನಾವು ಘಟ್ಟ ಇಳಿಯಬೇಕು. ಊರಿನ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ಎರಡೂ ಕುಡಿಯುವ ನೀರಿನವು. ಅವುಗಳ ಏರಿಯ ಮೇಲೆ ಸಕ್ಕರೆ ಕಾಯಿಲೆಯವರು ವಾಕ್ ಮಾಡಬಹುದು, ಅಷ್ಟೆ. ಆದರೆ ಎಂಜಿನ್ ಬಗ್ಗೆ ಮಾತಾಡಲು ದಾವಣಗೆರೆಯವನಿಗೆ ನೀರೇ ಬೇಕೆಂದಿಲ್ಲ. ಒಂದು ಖಾರ ಮಂಡಕ್ಕಿ, ಎರಡು ಮೆಣಸಿನಕಾಯಿ ಇದ್ದರೆ ಸಾಕು.

ದೋಣಿ ನನ್ನ ಷಡ್ಡಕರದು. ಇಲ್ಲಿಗೆ 14 ಕಿ.ಮೀ. ದೂರದ ಹರಿಹರದಲ್ಲಿ ಲೇಥ್ ಮುಂದೆ ನಿಂತೇ ನೌಕರಿ ಮುಗಿಸಿದವರು. ಕಿರ್ಲೋಸ್ಕರ್ ಲೇಥಿಗೆ ಹೆಸರಾದ ಊರಿನವರು ಎಂಬ ಹಮ್ಮು ಬೇರೆ. ಇಂಚಿನ ಸಾವಿರದಲ್ಲೊಂದು ಪಾಲನ್ನು ಬೆರಳಲ್ಲಿ ಸವರಿ ಹೇಳುತ್ತಾರೆ. ತರಕಾರಿ ಚೀಲದಲ್ಲಿ ಎರಡು ಕೆ.ಜಿ. ಈರುಳ್ಳಿ ಮರೆತು ಬರುತ್ತಾರೆ. ಅವರ ತಂದೆ ಹೊಳೆಯಲ್ಲಿ ಹರಿಗೋಲು ಬಿಟ್ಟುಕೊಂಡು ಬಾತುಕೋಳಿ ಹೊಡೆಯುತ್ತಿದ್ದರಂತೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ನಿಂತಿತು, ಮಗನ ಪಾಲಿಗೆ ಒಂದು ಗಾಳ, ಒಂದು ಬೈನಾಕ್ಯುಲರ್ ಉಳಿದವು. ಬೇಟೆಯ ಹುರುಪು ಮಾತ್ರ ರಕ್ತದಲ್ಲಿ ಹಾಗೇ ಇತ್ತು. ರಿಟೈರ್ ಆದ ಮೇಲೆ ಗಂಗೊಳ್ಳಿ ಕಡೆಯ ಪರಿಚಯದವರಿಂದ ಹನ್ನೆರಡು ಅಡಿಯ ಹಳೇ ಫೈಬರ್ ದೋಣಿಯೊಂದನ್ನು ಅಗ್ಗಕ್ಕೆ ಹಿಡಿದು, ಟೆಂಪೊ ಮೇಲೆ ಹೇರಿಸಿ ತಂದು, ಕಾಂಪೌಂಡಿನೊಳಗೆ ಬೋರಲು ಹಾಕಿದರು. ನನ್ನ ಹೆಂಡತಿಯ ಅಕ್ಕ ಅದರ ಬೆನ್ನ ಮೇಲೆ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟರು. ದೋಣಿ ಕೊಂಡದ್ದಕ್ಕೆ ಅವರ ಒಪ್ಪಿಗೆ ಸಿಕ್ಕಿದ್ದು ಆ ಲೆಕ್ಕದಲ್ಲಿ.

ಮೋಟಾರಿನ ಚರ್ಚೆ ಮಾತ್ರ ನಮ್ಮ ಮನೆ ಕಟ್ಟೆಯ ಮೇಲೆ. ಯಾಕೆಂದರೆ ಪಕ್ಕದಲ್ಲೇ ಗ್ಯಾರೇಜು, ಎದುರಿಗೆ ನಿವೃತ್ತ ಫಿಸಿಕ್ಸ್ ಮೇಷ್ಟ್ರ ಮನೆ. ಈ ಇಬ್ಬರನ್ನು ಒಂದೇ ಕಟ್ಟೆಯ ಮೇಲೆ ಕೂರಿಸಿದರೆ ಆಮೇಲೆ ಟಿ.ವಿ. ಹಾಕುವ ಅಗತ್ಯವಿಲ್ಲ.

ಗ್ಯಾರೇಜಿನ ಮಿಸ್ತ್ರಿ ಮೊದಲ ದಿನವೇ ತೀರ್ಪು ಕೊಟ್ಟ. “ಅಣ್ಣಾರೆ, ತಗೊಂಡ್ರೆ ಟೂ ಸ್ಟ್ರೋಕೇ ತಗೋಬೇಕ್ ನೋಡ್ರಿ. ಫೋರ್ ಸ್ಟ್ರೋಕ್ ಅಂದ್ರೆ ಸರ್ಕಾರಿ ಆಫೀಸ್ ಇದ್ದಂಗೆ. ನಾಕು ಟೇಬಲ್ ಸುತ್ತಿದ ಮ್ಯಾಲೆ ಒಂದು ಕೆಲಸ.” ಅವನು ಆರ್‌ಎಕ್ಸ್ 100ರ ಕಾಲದವನು. ಆ ಬೈಕು 1996ರಲ್ಲಿ ನಿಂತಿತು, ಅವನ ದುಃಖ ಇನ್ನೂ ನಿಂತಿಲ್ಲ. ಒಂದು ಲೀಟರ್ ಪೆಟ್ರೋಲಿಗೆ 20 ಎಂ.ಎಲ್. ಆಯಿಲ್ ಬೆರೆಸಬೇಕು, ಹಗುರ, ಬಿಚ್ಚಿದರೆ ಮೂರು ಸಾಮಾನು, ಹಾಳಾದರೆ ದಡದಲ್ಲೇ ರಿಪೇರಿ ಎಂದು ಗುಣಗಾನ ಮಾಡಿದ. ಅದೆಲ್ಲ ನಿಜವೇ. ಆ ಆಯಿಲಿನಲ್ಲಿ ಒಂದಿಷ್ಟು ಸುಡದೆ ಹೊಗೆಯ ಜೊತೆ ಸೀದಾ ನೀರಿಗೇ ಸೇರುತ್ತದೆ ಎನ್ನುವುದನ್ನು ಹೇಳಲಿಲ್ಲ. ದಾವಣಗೆರೆ ಕುಡಿಯುವ ನೀರಿನಲ್ಲಿ ತುಂಗಭದ್ರೆಯದ್ದೂ ಪಾಲಿದೆ. ಹರಿಹರದಲ್ಲಿ ಷಡ್ಡಕರು ಬೆರೆಸಿದ್ದನ್ನು ವಿನೋಬನಗರದ ನಲ್ಲಿಯಲ್ಲಿ ನಾನು ಹಿಡಿಯಬೇಕಾದೀತು.

ಗಂಗೊಳ್ಳಿಯವರಿಗೆ ಫೋನು ಹಚ್ಚಿದರೆ ಅವರು ಸಲಹೆ ಕೊಡಲಿಲ್ಲ, ಅಂಕಿ ಕೊಟ್ಟರು: 9.9. ಕರಾವಳಿಯ ನಾಡದೋಣಿಗಳಿಗೆ ಕಟ್ಟುವ ಯಮಹಾ, ಸುಜುಕಿ, ತೊಹಾತ್ಸುಗಳಲ್ಲಿ ಈ ಅಂಕಿಗೆ ವಿಶೇಷ ಮರ್ಯಾದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೆಲ್ಲ ದಡದಲ್ಲಿ ಮಲಗಿರುವಾಗ, 10 ಎಚ್‌ಪಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳು ಕಡಲಿಗಿಳಿಯಬಹುದು. ಆ ದಶಾಂಶ ಒಂದರಲ್ಲಿ ಒಂದು ಮಳೆಗಾಲದ ಅನ್ನವಿದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್ನುಗಳೂ ಅಲ್ಲಿವೆ. ಷಡ್ಡಕರಿಗೆ ಈ 9.9 ಎಷ್ಟು ಹಿಡಿಸಿತೆಂದರೆ, ಹರಿಹರದ ಹೊಳೆಯಲ್ಲಿ ಯಾವ ನಿಷೇಧವಿದೆ ಎಂದು ಯೋಚಿಸದೆ, “ತಮ್ಮಾ, ನಂಗೂ ಅದೇ ಇರ್ಲಿ” ಎಂದುಬಿಟ್ಟರು.

ಆಗ ಮೇಷ್ಟ್ರು ಹಳೆಯ ಮದುವೆ ಕರೆಯೋಲೆಯ ಹಿಂದೆ ವರ್ಗಮೂಲ ಹಾಕಿದರು. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ಅಡಿಯಲ್ಲಿ ಅಳೆದ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕ ಬರುತ್ತದೆ. ಹನ್ನೆರಡು ಅಡಿಗೆ ನಾಲ್ಕೂವರೆ ನಾಟ್ ಚಿಲ್ಲರೆ, ಅಂದರೆ ಗಂಟೆಗೆ ಎಂಟೂವರೆ ಕಿ.ಮೀ. ಅದಕ್ಕಿಂತ ಜೋರು ಬೇಕೆಂದರೆ ದೋಣಿ ತಾನು ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಚಪ್ಪಟೆ ತಳದ್ದಾದರೆ ಹತ್ತಿ ನೀರ ಮೇಲೆ ಜಾರೀತು. ದುಂಡು ತಳದ್ದು ಬಾಲ ಮುಳುಗಿಸಿ ಮೂತಿ ಎತ್ತಿ ಪೆಟ್ರೋಲು ಕುಡಿಯುತ್ತದೆ. “ನಿಮ್ಮ ದೋಣಿ ತಳ ಎಂಥದ್ರೀ?” ಎಂದು ಮೇಷ್ಟ್ರು ಕೇಳಿದರು. ಅದರ ತಳವನ್ನು ಬಲ್ಲವರು ಸಂಡಿಗೆ ಇಟ್ಟವರೊಬ್ಬರೇ. ಫೋನಿನಲ್ಲಿ ಅವರು, “ದುಂಡಗೈತಿ, ಸಂಡಿಗೆ ಜಾರ್ತಾವು” ಎಂದರು. 9.9 ಅಲ್ಲಿಗೆ ಬಿತ್ತು.

ನನ್ನ ಅನುಮಾನವೆಂದರೆ, ಅರವತ್ತು ದಾಟಿದ ಗಂಡಸರು ಎಚ್‌ಪಿಯನ್ನು ದೋಣಿಗೆಂದು ಕೊಳ್ಳುವುದಿಲ್ಲ, ಬೀಗರ ಮುಂದೆ ಹೇಳುವುದಕ್ಕೆಂದು ಕೊಳ್ಳುತ್ತಾರೆ. ಈ ಕಸುಬಿನ ಕುಲಪುರುಷರಲ್ಲೊಬ್ಬನಾದ ಓಲೆ ಎವಿನ್ರೂಡ್ ಎಂಬ ನಾರ್ವೆ ಮೂಲದ ಅಮೆರಿಕದವನು 1909ರಲ್ಲಿ ಮಾರಾಟಕ್ಕಿಟ್ಟ ಮೋಟಾರಿಗೆ ಇದ್ದದ್ದು ಒಂದೂವರೆ ಎಚ್‌ಪಿ, ತೂಕ 62 ಪೌಂಡು. ಸರೋವರದ ನಡುಗಡ್ಡೆಯಲ್ಲಿ ಕೂತಿದ್ದ ಹುಡುಗಿಗೆ ಐಸ್‌ಕ್ರೀಮ್ ಒಯ್ಯಲು ಬಿಸಿಲಲ್ಲಿ ಹುಟ್ಟು ಹಾಕಿ, ತಲುಪುವಷ್ಟರಲ್ಲಿ ಅದು ಕರಗಿಹೋದ ಸಿಟ್ಟಿಗೆ ಮೋಟಾರು ಮಾಡಿದ ಎಂದು ಕಥೆ. ಆ ಹುಡುಗಿ ಆಮೇಲೆ ಅವನ ಹೆಂಡತಿಯಾಗಿ ವ್ಯಾಪಾರವನ್ನೂ ನೋಡಿಕೊಂಡಳು. ದಾವಣಗೆರೆಯವನಾಗಿದ್ದರೆ ಬೆಣ್ಣೆ ದೋಸೆಯನ್ನು ಇತ್ತಲ ದಡದಲ್ಲೇ ತಿಂದು ಮುಗಿಸಿ, ಬರಿಗೈಲಿ ಈಜಿಕೊಂಡು ಹೋಗುತ್ತಿದ್ದ. ಜಗತ್ತಿಗೆ ಮೋಟಾರು ತಪ್ಪುತ್ತಿತ್ತು.

ಮುಂದಿನ ಜಗಳ ಇಂಚಿನದು. ಒಂದು ಭಾನುವಾರ ನಾವೆಲ್ಲ ಹರಿಹರಕ್ಕೆ ಹೋಗಿ ದೋಣಿಯನ್ನು ಮಗುಚಿ ನಿಲ್ಲಿಸಿದೆವು. ಹಿಂಬದಿಯಲ್ಲಿ ಮೋಟಾರು ಕಚ್ಚಿಸುವ ಹಲಗೆಯ ಎತ್ತರವೇ ಎಲ್ಲಕ್ಕೂ ಮೂಲ. ಹದಿನೈದು ಇಂಚಿನ ಹಲಗೆಗೆ ಗಿಡ್ಡ ಶಾಫ್ಟು, ಇಪ್ಪತ್ತು ಇಂಚಿನದಕ್ಕೆ ಉದ್ದ ಶಾಫ್ಟು. ಫ್ಯಾನಿನ ಮೇಲೆ ಅಂಗೈಯಗಲದ ಒಂದು ತಟ್ಟೆ ಇರುತ್ತದೆ; ಅದು ದೋಣಿಯ ತಳಕ್ಕೆ ಸರಿಸಮ ಬರಬೇಕು, ಹೆಚ್ಚೆಂದರೆ ಇಂಚು ಕೆಳಗೆ. ಮೇಲಾದರೆ ಫ್ಯಾನು ಗಾಳಿ ನುಂಗಿ ಸುಮ್ಮನೆ ಅರಚುತ್ತದೆ, ಕೆಳಗಾದರೆ ನೀರನ್ನು ಎಳೆದುಕೊಂಡು ಹೋಗುತ್ತದೆ. ಮಿಸ್ತ್ರಿ ಟೇಪು ಹಿಡಿದ, ಷಡ್ಡಕರು ಕನ್ನಡಕ ಒರೆಸಿ ಬಗ್ಗಿದರು. ಹದಿನೇಳು ಇಂಚು. ಪ್ರಪಂಚದಲ್ಲಿ ಯಾವ ಕಂಪನಿಯೂ ಇವರ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಮಿಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ಹಲಗೆಯನ್ನು ಕುಟ್ಟಿದ. ಫೈಬರಿನ ಒಳಗಿನ ಮರ ಟಕ್ ಎನ್ನುವ ಬದಲು ಪುಸಕ್ ಎಂದಿತು. ಒಂದು ಕಡೆ ಒತ್ತಿದರೆ ಕಂದು ನೀರು ಜಿನುಗಿತು. ನಲವತ್ತು ಕೆ.ಜಿ. ತೂಗುವ 10 ಎಚ್‌ಪಿ ಮೋಟಾರನ್ನು ಆ ಹಲಗೆಗೆ ಬಿಗಿದು ಎಕ್ಸಲೇಟರು ತಿರುವಿದ್ದರೆ ಮೋಟಾರು, ಹಲಗೆ ಎರಡೂ ಹೊಳೆಯಲ್ಲಿ ಮುಂದೆ ಹೋಗಿ, ಷಡ್ಡಕರು ಮಿಕ್ಕ ದೋಣಿಯಲ್ಲಿ ಕೂತಿರುತ್ತಿದ್ದರು. ಅಂದಿನಿಂದ ಅವರು ಇಂಚಿನ ಮನುಷ್ಯರಾದರು. ಯಾರು ಏನು ಕೇಳಿದರೂ ಉತ್ತರ ಇಂಚಿನಲ್ಲೇ.

ಹೊಳೆದಂಡೆಯಲ್ಲಿ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ ಅಂಬಿಗರೊಬ್ಬರನ್ನೂ ಮಾತಿಗೆಳೆದೆವು. ಈ ಹೊಳೆಯ ಕೆಳಗಿನ ದಂಡೆಯಲ್ಲೇ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ನೆಲೆ. ಕಡ್ಡಿ ಮುರಿದಂತೆ ಮಾತಾಡುವುದು ಅಲ್ಲಿಂದ ಹರಿದು ಬಂದದ್ದೇ ಇರಬೇಕು. “ಬ್ಯಾಸಿಗ್ಯಾಗ ಬಂಡೆ, ಮಳಿಗಾಲದಾಗ ಸೆಳವು. ನಿಮ್ ಫ್ಯಾನು ಯಾವಾಗ ತಿರುಗ್ಸೋರು ಯಜಮಾನ್ರೇ?” ಎಂದರು. ಮಿಸ್ತ್ರಿಯ ಬಳಿ ಉತ್ತರವಿತ್ತು. ಸಣ್ಣ ಮೋಟಾರುಗಳಲ್ಲಿ ಫ್ಯಾನಿನ ಅಚ್ಚಿಗೆ ಒಂದು ಮೆದು ಪಿನ್ನು ಇರುತ್ತದೆ. ಬಂಡೆಗೆ ಬಡಿದರೆ ಅದು ಮುರಿದು ಒಳಗಿನ ಗೇರನ್ನು ಉಳಿಸುತ್ತದೆ. “ಪಿನ್ ಮುರದ ಮ್ಯಾಲೆ?” ಎಂದರು ಅಂಬಿಗರು. “ಹೊಸಾದು ಹಾಕ್ಬೇಕು.” “ಅಲ್ಲೀ ಮಟ?” “ಹುಟ್ಟು ಹಾಕ್ಬೇಕು.” ಅಂಬಿಗರು ಮತ್ತೆ ಡಾಂಬರಿನ ಕಡೆ ತಿರುಗಿದರು. ಹರಿಗೋಲಿಗೇ ಮೋಟಾರು ಕಟ್ಟಿದರೆ ಹೇಗೆ ಎಂದು ನಾನೂ ಒಂದು ಮಾತು ಸೇರಿಸಿದೆ. ದುಂಡಗಿನ ಹರಿಗೋಲಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಎಲ್ಲಿ ಕಟ್ಟಿದರೂ ಗರಗರ ತಿರುಗುವುದೇ ಗತಿ ಎಂದು ಮೇಷ್ಟ್ರು ನಿಂತಲ್ಲೇ ತಿರುಗಿ ತೋರಿಸಿದರು.

ಸೂಳೆಕೆರೆಗೆ ಒಯ್ಯೋಣವೆಂದರೆ ಅಲ್ಲಿ ಇನ್ನೊಂದು ತೊಡಕು. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂದು ನಾವು ನೆಂಟರಿಗೆಲ್ಲ ಹೇಳುವ ಆ ಶಾಂತಿಸಾಗರದ ನೀರನ್ನೂ ಜನ ಕುಡಿಯುತ್ತಾರೆ. ಕೆರೆಗಳ ಕಾಟ್ಲಾ, ರೋಹು ಸಾಮಾನ್ಯವಾಗಿ ಗುತ್ತಿಗೆ ಹಿಡಿದ ಮೀನುಗಾರರ ಸಂಘದ ಸೊತ್ತು. ಕೇಳದೆ ಗಾಳ ಹಾಕುವಂತಿಲ್ಲ. ಮೇಲಾಗಿ, ಮೋಟಾರು ತಾನು ನಿಂತ ನೀರನ್ನೇ ಹೀರಿ ಮೈ ತಣ್ಣಗಿಟ್ಟುಕೊಳ್ಳುವ ಜಾತಿ. ಅಂತರಗಂಗೆಯ ಬೇರು, ಪಾಚಿ ಸಿಕ್ಕಿಕೊಂಡರೆ ಬಾಯಿ ಕಟ್ಟಿ ಬಿಸಿಯೇರುತ್ತದೆ. ಹೋಂಡಾದವರ ಎರಡು ಎಚ್‌ಪಿ ಚಿಲ್ಲರೆಯ ಪುಟ್ಟ ಮೋಟಾರೊಂದು ಗಾಳಿಯಲ್ಲೇ ತಣಿಯುತ್ತದೆ, ತೂಕ ಹದಿನೈದು ಕೆ.ಜಿ.ಯೊಳಗೆ. ನನ್ನ ಓಟು ಅದಕ್ಕೇ ಇತ್ತು. ಎರಡು ಎಂಬ ಅಂಕಿ ಕೇಳಿ ಷಡ್ಡಕರ ಮುಖ ಬಾಡಿತು.

ಅವರನ್ನು ಮತ್ತೆ ಅರಳಿಸಿದ್ದು ಕಾನೂನು. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಯಂತ್ರ ಕೂರಿಸಿದೊಡನೆ ತಪಾಸಣೆ, ನೋಂದಣಿ ಎಲ್ಲದರ ಪ್ರಶ್ನೆ ಏಳುತ್ತದೆ ಎಂದು ಮೇಷ್ಟ್ರು ಹೆದರಿಸಲು ಹೇಳಿದರು. ಷಡ್ಡಕರು ಕೇಳಿಸಿಕೊಂಡದ್ದು ಹಡಗು ಎಂಬುದೊಂದನ್ನೇ. ಆ ಸಂಜೆ ಬೀಗರಿಗೆ ಫೋನು ಹೋಯಿತು.

ಕೊನೆಗೆ ಗೆದ್ದದ್ದು ಕರೆಂಟಿನ ಮೋಟಾರು. ಹೊಗೆಯಿಲ್ಲ, ಸದ್ದಿಲ್ಲ, ಬೈನಾಕ್ಯುಲರಿನಲ್ಲಿ ನೋಡುವ ಬಾತುಕೋಳಿ ಹಾರಿಹೋಗುವುದಿಲ್ಲ, ಹಲಗೆ ಹದಿನೇಳಿದ್ದರೂ ಶಾಫ್ಟನ್ನು ಏರಿಸಿ ಇಳಿಸಬಹುದು. 12 ವೋಲ್ಟಿನಲ್ಲಿ ಪೂರ್ತಿ ಜೋರು ಕೊಟ್ಟರೆ 50 ಆಂಪಿಯರ್ ಎಳೆಯುತ್ತದೆ, ಅಂದರೆ 600 ವ್ಯಾಟು ಎಂದು ಮೇಷ್ಟ್ರು ಗುಣಿಸಿದರು. ಕಾಫಿ ತಂದ ನನ್ನ ಹೆಂಡತಿ ಲೋಟ ಇಡುತ್ತಾ, “ನಮ್ ಮಿಕ್ಸಿ 750 ಐತಿ ಭಾವ” ಎಂದಳು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಬ್ಯಾಟರಿ ಎಲ್ಲಿಂದ ಎಂಬ ಪ್ರಶ್ನೆಗೆ ಮೂರು ಜೊತೆ ಕಣ್ಣು ನಮ್ಮ ನಡುಮನೆಯ ಯುಪಿಎಸ್ ಕಡೆ ಹೊರಳಿದವು. 150 ಆಂಪಿಯರ್-ಅವರ್, ಐವತ್ತು ಕೆ.ಜಿ.ಗೆ ಮೇಲೆ. ಕಾಗದದ ಮೇಲೆ ಮೂರು ತಾಸು ಬರಬೇಕು. ಪೂರ್ತಿ ಹಿಂಡಿದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದಾದ್ದರಿಂದ ಅರ್ಧಕ್ಕೇ ವಾಪಸು ತಿರುಗಬೇಕು. “ಒಯ್ರಿ. ಆದ್ರೆ ಧಾರಾವಾಹಿ ಟೈಮಿಗೆ ವಾಪಸ್ ಇರ್ಬೇಕು” ಎಂದಳು. ನೋಂದಣಿಗಿಂತ ಬಿಗಿಯಾದ ಷರತ್ತು.

ಹಲಗೆ ಬದಲಾಗಿ, ಮೋಟಾರು ಬಂದಾಗ ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಕಾಗದಪತ್ರವೂ ಆಗಿರಲಿಲ್ಲ. ಹಾಗಾಗಿ ಪರೀಕ್ಷೆ ನಡೆದದ್ದು, ಯಾರೂ ನಗಬಾರದು, ಬರಕ್ಕೆ ಹೆಸರಾದ ಜಗಳೂರು ತಾಲ್ಲೂಕಿನಲ್ಲಿ, ನೆಂಟರ ಹೊಲದ ಕೃಷಿ ಹೊಂಡದಲ್ಲಿ. ಇಪ್ಪತ್ತೊಂದು ಮೀಟರ್ ಉದ್ದ, ಅಷ್ಟೇ ಅಗಲ, ತಳಕ್ಕೆಲ್ಲ ಪ್ಲಾಸ್ಟಿಕ್ ಹಾಳೆ. ಹನ್ನೆರಡು ಅಡಿಯ ಹಡಗು ಹೊರಟಿತು ಎನ್ನುವಷ್ಟರಲ್ಲಿ ಆಚೆ ದಡ ಸಿಕ್ಕಿತು. ತಿರುಗಿಸಿದರು, ಈಚೆ ದಡ ಸಿಕ್ಕಿತು. ಹೊಂಡದ ಒಡೆಯರು “ಹಾಳಿ ಹರದೀತು, ಹಾಳಿ ಹರದೀತು” ಎಂದು ದಡದುದ್ದಕ್ಕೂ ಜೊತೆಗೇ ಓಡಿದರು. ಸುತ್ತಲ ಹೊಲದವರೆಲ್ಲ ಕೆಲಸ ಬಿಟ್ಟು ಬಂದು ಬದುವಿನ ಮೇಲೆ ಸಾಲಾಗಿ ನಿಂತರು.

ಇಳಿದು ಬಂದ ಷಡ್ಡಕರನ್ನು ಒಬ್ಬ ಹಿರಿಯರು ತಡೆದು ನಿಲ್ಲಿಸಿದರು. ಆ ಸೀಮೆಯಲ್ಲಿ ಎಂಟುನೂರು ಅಡಿ ಕೊರೆಸಿ ಎರಡು ಇಂಚು ನೀರು ಬಿದ್ದರೆ ಊರಿಗೆಲ್ಲ ಸಿಹಿ ಹಂಚುತ್ತಾರೆ. ಅವರ ಕಣ್ಣು ಮೋಟಾರಿನ ಮೇಲೇ ಇತ್ತು.

“ಎಷ್ಟಿಂಚಿಂದ್ರಿ ಇದು?”

“ಮೂವತ್ತಾರು” ಎಂದರು ಷಡ್ಡಕರು, ಶಾಫ್ಟನ್ನು ಮುಟ್ಟಿ ತೋರಿಸುತ್ತಾ.

ಹಿರಿಯರು ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿಟ್ಟುಕೊಂಡರು. “ಮೂವತ್ತಾರಿಂಚು!” ಎಂದು ಬದುವಿನ ಮೇಲಿದ್ದವರ ಕಡೆ ತಿರುಗಿ ಕೂಗಿ, “ಲೇ, ಫೋನ್ ತಗೊಂಬಾರೋ, ಇವ್ರ್ ನಂಬರ್ ಬರ್ಕೋ” ಎಂದರು.