ಅಪ್‌ಡೇಟ್ ಯಜಮಾನರು

ತಮ್ಮ ಅಂಗಡಿಯ ವೆಬ್‌ಸೈಟನ್ನು ತಾವೇ ನೋಡಿಕೊಳ್ಳುವ ವ್ಯಾಪಾರಿಗಳು ಈಗ ಬೀದಿಗೊಬ್ಬರಿದ್ದಾರೆ. ನನ್ನ ಪಾಲಿಗೆ ಬಂದವರು ಮೈಸೂರಿನ ನಮ್ಮ ಬಡಾವಣೆಯ ಕಾಂಡಿಮೆಂಟ್ಸ್ ಯಜಮಾನರು. ಕೋಡುಬಳೆ ಕೊಳ್ಳಲು ಹೋದವನು "ವರ್ಡ್‌ಪ್ರೆಸ್ಸಾ? ಗೊತ್ತು" ಎಂದು ಬಾಯಿಬಿಟ್ಟೆ, ಅಂದಿನಿಂದ ನಾನವರ ತಾಂತ್ರಿಕ ಸಲಹೆಗಾರ. ಸಂಬಳ ಆಗಾಗ ಒಂದು ಪೊಟ್ಟಣ ಖಾರಾಸೇವು. ಗ್ಯಾಸ್ ಬುಕ್ ಮಾಡಲೂ ಮಗಳನ್ನು ಕೂಗುವ ನನಗೆ ಈ ಹುದ್ದೆ ಸಿಕ್ಕಿತೆಂದು ಮನೆಯವಳು ಇನ್ನೂ ನಗುತ್ತಿದ್ದಾಳೆ.

ಯಜಮಾನರು ಈ ವ್ರತ ಹಿಡಿದದ್ದಕ್ಕೆ ಕಾರಣವಿದೆ. ಸೈಟು ಮಾಡಿಕೊಟ್ಟ ಹುಡುಗ ಒಂದು ಬೆಲೆ ತಿದ್ದಲೂ ಕಾಸು ಕೇಳುತ್ತಿದ್ದ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ ಪಾಸ್‌ವರ್ಡನ್ನೂ ಜೊತೆಗೇ ಒಯ್ದ. ಡೊಮೇನ್ ಕೂಡ ಅವನ ಇಮೇಲಿನಲ್ಲೇ ನೋಂದಣಿಯಾಗಿತ್ತು. ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಪಟ್ಟ ಪಾಡಿನಲ್ಲಿ ಎರಡು ಮನೆಗಳ ಖಾತೆ ಬದಲಾಯಿಸಬಹುದಿತ್ತು. "ಇನ್ನು ಯಾರ ಹಂಗೂ ಬೇಡ" ಎಂದರು. ಯಾರ ಹಂಗೂ ಎಂದರೆ, ನನ್ನನ್ನು ಬಿಟ್ಟು.

ಗೌರಿ ಹಬ್ಬದ ಹಿಂದಿನ ವಾರ, ರಾತ್ರಿ ಹತ್ತೂವರೆಗೆ ಫೋನು. "ಮೇಷ್ಟ್ರೇ, ಸೈಟಿಗೆ ಯಾರೋ ಮಾಟ ಮಾಡಿಸಿದ್ದಾರೆ!" ತೆರೆದು ನೋಡಿದೆ. ಚಕ್ಕುಲಿ, ನಿಪ್ಪಟ್ಟು, ತೇಂಗೊಳಲು ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಟೋಪಿ, ಚುಕ್ಕೆ, ಗೀಟು ಹೊತ್ತು ಸಾಲಾಗಿ ನಿಂತಿದ್ದವು. ವಿಚಾರಿಸಿದರೆ, ಕರಪತ್ರಕ್ಕೆಂದು ಡಿಟಿಪಿಯವರು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಇವರು ಹಾಗೇ ನಕಲು ಮಾಡಿ ಅಂಟಿಸಿದ್ದರು. ಆ ಫಾಂಟಿನಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿರುತ್ತವೆ, ಫಾಂಟು ಹೋದರೆ ಮನೆಯ ಒಡೆಯರೇ ಹೊರಗೆ ಬರುತ್ತಾರೆ, ಸೈಟಿಗೆ ಯುನಿಕೋಡೇ ಆಗಬೇಕು ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಡಿಟಿಪಿಯಲ್ಲಿ ಚೆನ್ನಾಗೇ ಕಾಣ್ತಿತ್ತಲ್ಲ ಮೇಷ್ಟ್ರೇ" ಎಂದರು. ಇನ್ನೊಮ್ಮೆ ವಿವರಿಸಿದೆ. "ಹಂಗಾದ್ರೆ ಮಾಟ ಅಲ್ಲ ಅಂತೀರಿ." ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿ, ಒತ್ತಕ್ಷರ ತಪ್ಪಿದ ಕಡೆಯೆಲ್ಲ ತಿದ್ದುವ ಹೊತ್ತಿಗೆ ಹಾಲಿನವನು ಬಂದಿದ್ದ. ಅಷ್ಟರಲ್ಲಿ ಅಮೆರಿಕದ ಗಿರಾಕಿಯೊಬ್ಬರು ಬರೆದಿದ್ದರು: "ಫ್ರೆಂಚಿನಲ್ಲೂ ಶುರು ಮಾಡಿದ್ದೀರಿ, ಸಂತೋಷ."

ಉಳಿದ ಗುಣಗಳನ್ನು ಹೇಳುವುದಾದರೆ, ಫೋನಿನಲ್ಲಿ ತೆಗೆದ ಆರು ಎಂಬಿಯ ಚಿತ್ರವನ್ನು ಇಳಿಸದೆ ಏರಿಸುತ್ತಾರೆ. ಪುಟ ತೆರೆಯುವಷ್ಟರಲ್ಲಿ ಗಿರಾಕಿಗೆ ಹಸಿವೇ ಹೋಗಿರುತ್ತದೆ. 200 ಕೆಬಿಗೆ ಇಳಿಸಿ ಎಂದರೆ, "ಕೋಡುಬಳೆ ಸಣ್ಣದಾಗಿ ಕಾಣಲ್ವೇ?" ರಾಹುಕಾಲದಲ್ಲಿ ಪ್ಲಗಿನ್ ಅಪ್‌ಡೇಟ್ ಒತ್ತುವವರಲ್ಲ. ಬ್ಯಾಕಪ್ ತೆಗೆದಿಡಿ ಎಂದರೆ ಮಾತ್ರ "ಚಾಮುಂಡಿ ಇದ್ದಾಳೆ" ಅನ್ನುತ್ತಾರೆ.

ಆದರೆ ಹೇಳಲೇಬೇಕಾದ ಮಾತೊಂದಿದೆ. ಪ್ಯಾಕೆಟ್ಟಿನ ಕುರುಕಲು ತಿಂಡಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು, ದಸರಾ ಉದ್ಘಾಟನೆಯ ದಿನವೇ. ಅಂದು ಬೆಳಿಗ್ಗೆ ಕಾಫಿ ಹೊತ್ತಿಗೆ ಯಜಮಾನರ ಸೈಟಿನಲ್ಲಿ ಬೆಲೆಗಳೆಲ್ಲ ಇಳಿದು ಕೂತಿದ್ದವು. ಆ ಹುಡುಗನ ಕೈಲಿದ್ದಿದ್ದರೆ ದೀಪಾವಳಿಯಾದರೂ ಆಗುತ್ತಿತ್ತು. ಅವರ ತಂದೆ ಅಂಗಡಿ ಮುಂದೆ ಕರಿಹಲಗೆ ಇಟ್ಟು, ಬೆಳಿಗ್ಗೆ ಒರೆಸಿ, ಅಂದಿನ ಬಿಸಿ ತಿಂಡಿಯ ಹೆಸರನ್ನು ಸೀಮೆಸುಣ್ಣದಲ್ಲಿ ದುಂಡಗೆ ಬರೆಯುತ್ತಿದ್ದರಂತೆ. ಕೋಡುಬಳೆ ಮುಗಿದ ಗಳಿಗೆಗೇ ಹೆಸರೂ ಅಳಿಯಬೇಕು, ಇಲ್ಲವಾದರೆ ಬೈಗುಳ. ಅಳಿಸುವ ಕೆಲಸ ಹುಡುಗನಾಗಿದ್ದ ಇವರದು. ಈಗಲೂ ಚಟ್ನಿಪುಡಿ ತೀರಿದರೆ ಗಲ್ಲಾ ಮೇಲೆ ಕೂತೇ ಫೋನಿನಲ್ಲಿ "ಸ್ಟಾಕ್ ಇಲ್ಲ" ಒತ್ತಿಬಿಡುತ್ತಾರೆ. ಆ ಶಿಸ್ತು ದೊಡ್ಡ ಕಂಪನಿಗಳ ಸೈಟಿನಲ್ಲೂ ನನಗೆ ಕಂಡಿಲ್ಲ.

ಇಷ್ಟೆಲ್ಲ ತಿದ್ದುವವರು ಮುಖಪುಟದ ಲ್ಯಾಂಡ್‌ಲೈನ್ ನಂಬರನ್ನು ಮುಟ್ಟುವುದಿಲ್ಲ. ಕನೆಕ್ಷನ್ ತೆಗೆಸಿ ವರ್ಷಗಳಾದವು. ಕರೆದವರಿಗೆ ಸಿಗುವುದು ಟುಂಯ್ ಸದ್ದು. ಗದರಿದರೆ, "ಅಪ್ಪಾಜಿ ಹಾಕಿಸಿದ ನಂಬರು ಮೇಷ್ಟ್ರೇ, ಹೆಂಗೆ ಅಳಿಸ್ಲಿ?" ಎಂದು ಗಲ್ಲಾ ಒರೆಸತೊಡಗುತ್ತಾರೆ. ಕೊನೆಗೆ ಅದರ ಮೇಲೆ ಮೊಬೈಲ್ ನಂಬರನ್ನು ದಪ್ಪಗೆ ಹಾಕಿಸಿ ರಾಜಿಯಾದೆವು.

ಮೊನ್ನೆ ಪಕ್ಕದ ಟೈಲರಿಗೂ ಸೈಟು ಮಾಡಿಕೊಳ್ಳುವ ಹುರುಪು ಹತ್ತಿಸಿದ್ದಾರೆ. ನಿನ್ನೆ ರಾತ್ರಿ ಹೊಸ ನಂಬರಿನಿಂದ ಫೋನು: "ಮೇಷ್ಟ್ರೇ, ಯಜಮಾನರು ನಿಮ್ಮನ್ನೇ ಕೇಳು ಅಂದ್ರು. ಮಲಗಿಬಿಟ್ರಾ?"